ಎಲ್ಲ ದಿನಕ್ಕೂ ಒಂದೇ ಲೆಕ್ಕ ಬೇಡ

ಕಾಡು, ಗುಡ್ಡ, ಬಯಲು ಎಲ್ಲ ಸೇರಿದ ದೂರದ ನಡಿಗೆಗೆ ದಿನಕ್ಕೆ 25 ಕಿ.ಮೀ. ಅಂತ ಲೆಕ್ಕ ಹಿಡಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 20 ಕಿ.ಮೀ. ದಾರಿಯಲ್ಲಿ 1200 ಮೀಟರ್ ಏರಿದ್ದರೆ ಆರು ಗಂಟೆ ಆಯ್ತು. ಊಟ, ವಿಶ್ರಾಂತಿ, ದಾರಿ ಹುಡುಕುವ ಹೊತ್ತು ಇದರಲ್ಲಿ ಸೇರಿಲ್ಲ. ಬೆನ್ನ ಮೇಲೆ ಭಾರ ಇದ್ದರೆ ಇನ್ನೂ ಜಾಸ್ತಿ.

ನಕ್ಷೆಯಲ್ಲಿ ಮೊದಲು ನೀರು ಸಿಗುವ ಜಾಗಗಳನ್ನು ಗುರುತು ಹಾಕಿ, ಆಮೇಲೆ ದಿನ ಹಂಚಿ. ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ. ಅಲ್ವಾ, ಸುಮ್ನೆ ಹೊತ್ತು ತಿರುಗಲು ಆಗುವುದಿಲ್ಲ. ಮೊದಲ ಕೆಲವು ದಿನ ದಯವಿಟ್ಟು ಕಡಿಮೆ ನಡೆಯಿರಿ. ಮನೆಯವರ ಹತ್ತಿರವೂ ದಾರಿಯ ಒಂದು ಪ್ರತಿ ಇರಲಿ. ಯಾವ ದಿನದೊಳಗೆ ಫೋನ್ ಬರದಿದ್ದರೆ ವಿಚಾರಿಸಬೇಕು ಅನ್ನುವುದನ್ನೂ ಅದರಲ್ಲೇ ಬರೆದಿಡಿ.