ಗೋಡೆಗಿಂತ ಮೊದಲು ಹಲಗೆಯ ದಾರಿ

ಪ್ರಶ್ನೆ: ಮನೆಯಿಂದ ಸುಮಾರು 30 ಮೀಟರ್ ದೂರದಲ್ಲಿ, ಖಾಲಿ ಇರುವ ನಮ್ಮದೇ ಜಾಗದಲ್ಲಿ ಒಂದು ಬಿಡಿ ಕೊಠಡಿ ಕಟ್ಟಿಸಬೇಕೆಂದಿದ್ದೇನೆ. ಅದರಲ್ಲಿ ಕಾರನ್ನೂ ನಿಲ್ಲಿಸಬೇಕು, ರಜಾದಿನಗಳಲ್ಲಿ ಮರಗೆಲಸವನ್ನೂ ಮಾಡಬೇಕು. 12 ಅಡಿ ಅಗಲ, 20 ಅಡಿ ಉದ್ದ ಸಾಕಾಗುತ್ತದೆಯೇ? ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು ಯಾವುವು?

ಉತ್ತರ: ಸಾಮಾನ್ಯ ಕಾರೊಂದು ಸುಮಾರು 6 ಅಡಿ ಅಗಲ, 14ರಿಂದ 15 ಅಡಿ ಉದ್ದ ಇರುತ್ತದೆ. ಎರಡೂ ಕಡೆ ಬಾಗಿಲು ತೆಗೆದು ಇಳಿಯಲು ತಲಾ ಎರಡೂವರೆ ಅಡಿಯಾದರೂ ಬೇಕು. ಹೀಗೆ ಲೆಕ್ಕ ಹಾಕಿದರೆ, ಕಾರು ಒಳಗಿರುವಾಗ ನಿಮ್ಮ ಕೊಠಡಿಯಲ್ಲಿ ಉಳಿಯುವುದು ಹಿಂಬದಿಯ ಐದಾರು ಅಡಿಯ ಪಟ್ಟಿ ಮಾತ್ರ. ಅಲ್ಲಿ ಉಳಿ ಹಿಡಿದು ಕುಳಿತು ಸಣ್ಣ ಕೆಲಸ ಮಾಡಬಹುದೇ ಹೊರತು ಯಂತ್ರ ನಡೆಸಲಾಗದು. ಆದ್ದರಿಂದ ಕೆಲಸದ ದಿನ ಕಾರು ಹೊರಗೆ, ಉಳಿದ ದಿನ ಯಂತ್ರಗಳು ಗೋಡೆಯ ಬದಿಗೆ ಎಂಬ ಏರ್ಪಾಟನ್ನು ಮೊದಲೇ ಒಪ್ಪಿಕೊಂಡು, ಭಾರದ ಯಂತ್ರಗಳಿಗೆಲ್ಲ ಬ್ರೇಕ್ ಇರುವ ಚಕ್ರಗಳನ್ನು ಹಾಕಿಸುವುದು ಒಳ್ಳೆಯದು.

ಇನ್ನು ಅಳತೆಯ ವಿಚಾರ. ಬಹಳ ಜನ ಜಾಗ ಎಷ್ಟಿದೆಯೋ ಅಷ್ಟಕ್ಕೆ ಗೋಡೆ ಎಬ್ಬಿಸಿ, ಆಮೇಲೆ ಯಂತ್ರಗಳನ್ನು ಎಲ್ಲಿಡುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಸಲಹೆ ಇದಕ್ಕೆ ತಿರುವುಮುರುವು: ನೀವು ಕೈಗೆತ್ತಿಕೊಳ್ಳುವ ಅತಿ ಉದ್ದದ ಹಲಗೆ ಬಾಗಿಲಿನಿಂದ ಒಳಬಂದು, ಗರಗಸದ ಮೂಲಕ ಹಾದು, ಜೋಡಣೆಯ ಮೇಜಿಗೆ ತಲುಪುವ ದಾರಿಯನ್ನು ಕಾಗದದ ಮೇಲೆ ಗುರುತಿಸಿಕೊಂಡು, ಆ ದಾರಿಯ ಸುತ್ತ ಗೋಡೆಗಳನ್ನು ಬರೆಯಿರಿ. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅದನ್ನು ಟೇಬಲ್ ಸಾ, ಅಂದರೆ ಮೇಜಿಗೆ ಜೋಡಿಸಿದ ಗರಗಸದ ಮೇಲೆ ಉದ್ದಕ್ಕೆ ಸೀಳಲು ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ, ನೀವು ನಿಲ್ಲಲು ಇನ್ನೆರಡು ಅಡಿ, ಒಟ್ಟು 18 ಅಡಿಯ ನೇರ ಹಾದಿ ಬೇಕಾಗುತ್ತದೆ. ನಿಮ್ಮ 20 ಅಡಿಯಲ್ಲಿ ಇದು ಹೇಗೋ ಹಿಡಿಸುತ್ತದೆ. ಆದರೆ ಹಿಂಗೋಡೆಗೆ ಒಂದು ಕಪಾಟು ಬಂದರೂ ಲೆಕ್ಕ ತಪ್ಪುತ್ತದೆ. ದೊಡ್ಡ ಬಾಗಿಲನ್ನು ಈ ಹಾದಿಯ ನೇರಕ್ಕೇ ಇಟ್ಟರೆ ಹಲಗೆಯ ತುದಿ ಅಂಗಳಕ್ಕೆ ಚಾಚಿಕೊಳ್ಳಬಹುದು. ಅಗಲದ ಕೊರತೆಗೆ ಮಾತ್ರ ಇಂಥ ಉಪಾಯವಿಲ್ಲ. ಒಂದು ಪಕ್ಕಕ್ಕೆ 2 ಅಡಿಯ ಕೆಲಸದ ಮೇಜು ಬಂದೊಡನೆ 12 ಅಡಿ 10 ಆಗುತ್ತದೆ. ಜಾಗವಿದ್ದರೆ ಅಗಲವನ್ನು 14 ಅಡಿಗೂ ಉದ್ದವನ್ನು 24 ಅಡಿಗೂ ಏರಿಸಿ; ಎರಡರಲ್ಲಿ ಒಂದೇ ಸಾಧ್ಯವಾದರೆ ಅಗಲವನ್ನು ಆರಿಸಿಕೊಳ್ಳಿ.

ಎತ್ತರವನ್ನೂ ಅದೇ ಪ್ಲೈವುಡ್ ಹಾಳೆಯೇ ನಿರ್ಧರಿಸುತ್ತದೆ. 8 ಅಡಿಗೆ 4 ಅಡಿಯ ಹಾಳೆಯ ಕರ್ಣ ಹೆಚ್ಚುಕಡಿಮೆ 9 ಅಡಿಯಾಗುವುದರಿಂದ, ಮಲಗಿದ ಹಾಳೆಯನ್ನು ಮೂಲೆಯ ಮೇಲೆ ತಿರುಗಿಸಿ ನಿಲ್ಲಿಸುವಾಗ ಅಷ್ಟು ಎತ್ತರ ಬೇಕೇ ಬೇಕು. ದೀಪಗಳೂ ತೊಲೆಗಳೂ ಅದರ ಮೇಲಿರಬೇಕಾದ್ದರಿಂದ 10 ಅಡಿಯ ಅಡೆತಡೆಯಿಲ್ಲದ ಎತ್ತರವನ್ನು ಇಟ್ಟುಕೊಳ್ಳಿ.

ನೆಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಣ್ಣ, ಕಿಟಕಿ, ಕಪಾಟುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು, ನೆಲವನ್ನು ಬದಲಿಸಲಾಗದು. ಚೆನ್ನಾಗಿ ದಮ್ಮಸ್ಸು ಮಾಡಿದ ಜಲ್ಲಿಯ ಹಾಸು, ಅದರ ಮೇಲೆ ತೇವ ಏರದಂತೆ ದಪ್ಪನೆಯ ಪಾಲಿಥೀನ್ ಹಾಳೆ, ಅದರ ಮೇಲೆ 4 ಇಂಚಿನ ಕಾಂಕ್ರೀಟು ಕಾರಿಗೂ ಮನೆಮಟ್ಟದ ಯಂತ್ರಗಳಿಗೂ ಸಾಕು. ಸರಳಿನ ಜಾಲರಿಯನ್ನು ಹಾಳೆಯ ಮೇಲೆ ಹಾಗೆಯೇ ಮಲಗಿಸಿ ಕಾಂಕ್ರೀಟು ಸುರಿಯುವವರಿದ್ದಾರೆ. ತಳದಲ್ಲಿ ಬಿದ್ದ ಜಾಲರಿ ಮೇಲ್ಮೈಯ ಬಿರುಕನ್ನು ತಡೆಯುವುದಿಲ್ಲ, ಅದನ್ನು ಕವರ್ ಬ್ಲಾಕು ಎಂಬ ಸಣ್ಣ ಆಧಾರದ ತುಂಡುಗಳ ಮೇಲೆ ಎತ್ತಿ ಕೂರಿಸಬೇಕು. ಕಾಂಕ್ರೀಟು ಒಣಗುವಾಗ ಕುಗ್ಗಿ ಬಿರುಕು ಬಿಡುವುದು ಸಹಜವಾದ್ದರಿಂದ, ಬಿರುಕು ಎಲ್ಲಿ ಬರಬೇಕೆಂಬುದನ್ನು ನಾವೇ ಹೇಳಬೇಕಾಗುತ್ತದೆ: 4 ಇಂಚಿನ ನೆಲಕ್ಕೆ 8ರಿಂದ 12 ಅಡಿಗೊಂದರಂತೆ, ದಪ್ಪದ ಕಾಲು ಭಾಗದಷ್ಟು ಆಳದ ಗೀರು ಹಾಕಿಸಿ. ಕನಿಷ್ಠ 7 ದಿನ ನೀರುಣಿಸಿ. ಭಾರದ ಯಂತ್ರಗಳನ್ನು 28 ದಿನ ಕಳೆದ ಮೇಲೆ ಇಳಿಸಿಕೊಳ್ಳಿ.

ಕಾರು ತರುವ ನೀರು ಹೊರಗೆ ಹರಿಯಲು ಬಾಗಿಲ ಕಡೆಗೆ 100ಕ್ಕೆ 1ರಷ್ಟು ಇಳಿಜಾರು ಬೇಕು. 2 ಅಡಿ ಅಗಲದ ಯಂತ್ರದ ಕಾಲುಗಳಲ್ಲಿ ಇದು ಕಾಲು ಇಂಚಿನ ವ್ಯತ್ಯಾಸವನ್ನಷ್ಟೇ ತರುತ್ತದೆ, ಚಕ್ಕೆ ಕೊಟ್ಟು ಸರಿಪಡಿಸಬಹುದು. ಕೊಠಡಿಯ ನೆಲ ಹೊರಗಿನ ಮಟ್ಟಕ್ಕಿಂತ ಆರು ಇಂಚಾದರೂ ಎತ್ತರದಲ್ಲಿರಲಿ. ಕಾಂಕ್ರೀಟಿಗೆ ಮೊದಲು, ಗೋಡೆಯ ಬುಡದಿಂದ ಟೇಬಲ್ ಸಾ ನಿಲ್ಲುವ ಜಾಗದವರೆಗೆ ಒಂದು ಖಾಲಿ ಪೈಪನ್ನು ಹುಗಿಸಿಬಿಡಿ. ನನ್ನ ಸ್ವಂತ ಕಾರ್ಯಾಗಾರದಲ್ಲಿ ಇದನ್ನು ಮರೆತು, ನೆಲದ ಮೇಲೆ ಹರಿದ ವೈರನ್ನು ವರ್ಷಗಟ್ಟಲೆ ದಾಟಿಕೊಂಡು ಓಡಾಡಿ, ಕೊನೆಗೆ ಗಟ್ಟಿಯಾದ ಕಾಂಕ್ರೀಟನ್ನು ಒಡೆಸಬೇಕಾಯಿತು.

ವಿದ್ಯುತ್ತಿನಲ್ಲಿ ನಿಮ್ಮ 30 ಮೀಟರ್ ದೂರವೇ ಮುಖ್ಯ ಸಂಗತಿ. 230 ವೋಲ್ಟ್ ಸಂಪರ್ಕದಲ್ಲಿ 2 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಐದಾರು ಪಟ್ಟು. 60 ಆಂಪಿಯರ್ ಎಂದಿಟ್ಟುಕೊಂಡರೆ 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ ಆ ಕ್ಷಣ 32 ವೋಲ್ಟ್ ಕುಸಿಯುತ್ತದೆ, 6 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ 13 ವೋಲ್ಟ್ ಮಾತ್ರ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಮೊದಲನೆಯದರಲ್ಲಿ ಕಾಲು ಭಾಗದಷ್ಟು ಬಲವೇ ಹೋಗುತ್ತದೆ. ಗರಗಸ ಗುಂಯ್‌ಗುಟ್ಟುತ್ತಾ ನಿಧಾನವಾಗಿ ಏರುವುದು ಇದರಿಂದಲೇ. ಹಾಗಾಗಿ ನೆಲದಡಿಯ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ಲನ್ನು 6 ಚದರ ಮಿಲಿಮೀಟರಿಗಿಂತ ಕಡಿಮೆ ಹಾಕಿಸಬೇಡಿ. ಕೊಠಡಿಯಲ್ಲೇ ಪ್ರತ್ಯೇಕ ಬೋರ್ಡು, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಸೋರಿಕೆ ರಕ್ಷಕ, ಸರಿಯಾದ ಅರ್ಥಿಂಗ್ ಇರಲಿ. ದೀಪಗಳಿಗೂ ಯಂತ್ರಗಳಿಗೂ ಬೇರೆ ಬೇರೆ ಸರ್ಕ್ಯೂಟ್ ಕೊಡಿಸಿ. ಯಂತ್ರ ಟ್ರಿಪ್ ಆದಾಗ ದೀಪವೂ ಆರಿ, ಇನ್ನೂ ತಿರುಗುತ್ತಿರುವ ಬ್ಲೇಡಿನ ಎದುರು ಕತ್ತಲಲ್ಲಿ ನಿಲ್ಲುವ ಪರಿಸ್ಥಿತಿ ಯಾರಿಗೂ ಬರಬಾರದು. ಸಾಕೆಟ್‌ಗಳನ್ನು ನೆಲದಿಂದ 4 ಅಡಿಗಿಂತ ತುಸು ಮೇಲಿಟ್ಟರೆ, ಅಡ್ಡಲಾಗಿ ಒರಗಿಸಿಟ್ಟ ಪ್ಲೈವುಡ್ಡಿನ ಹಿಂದೆ ಅವು ಮರೆಯಾಗುವುದಿಲ್ಲ. ಗಾಳಿಗಿಂತ ಭಾರವಾದ ಪೆಟ್ರೋಲಿನ ಆವಿ ನೆಲಮಟ್ಟದಲ್ಲಿ ಶೇಖರವಾದರೂ, ಹೀಗೆ ಮೇಲಿಟ್ಟ ಸಾಕೆಟ್‌ಗಳ ಕಿಡಿಯಿಂದ ದೂರ ಉಳಿಯುತ್ತದೆ. ಈ ಕೆಲಸವನ್ನೆಲ್ಲ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಗಡಿಯಿಂದ ಎಷ್ಟು ಜಾಗ ಬಿಡಬೇಕೆಂಬ ನಿಯಮವನ್ನು ಸ್ಥಳೀಯ ಆಡಳಿತದಿಂದ ಬರಹದಲ್ಲಿ ಪಡೆದ ನಂತರವೇ ಪಾಯ ತೋಡಿಸಿ.

ಪ್ರಶ್ನೆ: ಕಿಟಕಿಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡುತ್ತೇನೆ. ಹೀಗಿರುವಾಗ ಮರದ ಪುಡಿ ಹೀರುವ ಯಂತ್ರ ನಿಜವಾಗಿಯೂ ಅಗತ್ಯವೇ?

ಉತ್ತರ: ಅಗತ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಕಾಲಿಗೆ ಸಿಗುವ ಹೊಟ್ಟು ಅಷ್ಟು ಅಪಾಯಕಾರಿಯಲ್ಲ. ಉಜ್ಜುಕಾಗದದ ಯಂತ್ರದಿಂದ ಏಳುವ, ಕಣ್ಣಿಗೆ ಕಾಣದ, 10 ಮೈಕ್ರಾನಿಗಿಂತ ಸಣ್ಣ ಕಣಗಳೇ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಿಟಕಿಯ ಗಾಳಿ ಅವನ್ನು ಚದುರಿಸಬಹುದು, ಹಿಡಿಯಲಾರದು. ಪುಡಿ ಹುಟ್ಟುವ ಜಾಗದಲ್ಲೇ ಹೀರುವ ವ್ಯವಸ್ಥೆ ಮಾಡಿಕೊಂಡು, ಪೈಪು ಆದಷ್ಟು ಗಿಡ್ಡವಾಗಿರುವಂತೆ, ಬಾಗುಗಳು ಕಡಿಮೆಯಿರುವಂತೆ ನೋಡಿಕೊಳ್ಳಿ. ಮುಖಗವಸು ಅದರ ಜೊತೆಗೆ ಇರಬೇಕಾದ್ದು, ಅದಕ್ಕೆ ಬದಲಿಯಲ್ಲ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಬುಟ್ಟಿಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಪ್ರಶ್ನೆ: ತಗಡಿನ ಮಾಡಿನ ನನ್ನ ಗ್ಯಾರೇಜಿನಲ್ಲಿ ಒಂದೂ ತೂತಿಲ್ಲದಿದ್ದರೂ ಬೆಳಗಿನ ಹೊತ್ತು ಮೇಲಿನಿಂದ ಹನಿ ಬೀಳುತ್ತದೆ, ಉಪಕರಣಗಳು ತುಕ್ಕು ಹಿಡಿಯುತ್ತಿವೆ. ಕಾರಣವೇನು?

ಉತ್ತರ: ಅದು ಮಳೆಯ ನೀರಲ್ಲ, ನಿಮ್ಮ ಕೊಠಡಿಯ ಗಾಳಿಯಲ್ಲೇ ಇದ್ದ ತೇವ. ರಾತ್ರಿ ತೆರೆದ ಆಕಾಶದ ಕೆಳಗೆ ತಗಡು ಸುತ್ತಲಿನ ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ. ಅದರ ಒಳಮೈಗೆ ತಾಗಿದ ಆವಿ ನೀರಾಗಿ ಹನಿಯುತ್ತದೆ. ತಗಡಿನ ಒಳಮೈಗೆ ಸಂದುಗಳಿಲ್ಲದಂತೆ ಶಾಖನಿರೋಧಕ ಹಾಸನ್ನು ಅಂಟಿಸಿ, ಸೂರಿನ ಅಂಚಿನಲ್ಲೂ ನೆತ್ತಿಯಲ್ಲೂ ಗಾಳಿಯಾಡಲು ಕಿಂಡಿ ಬಿಡಿಸಿ. ಒದ್ದೆಯಾದ ಕಾರನ್ನು ಒಳಗೆ ನಿಲ್ಲಿಸಿ ಬಾಗಿಲು ಮುಚ್ಚುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಇಷ್ಟಾದ ಮೇಲೂ ನೆಲ ಬೆವರಿದಂತೆ ಕಂಡರೆ, ಒಂದು ಮೀಟರ್ ಅಗಲದ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದೆರಡು ದಿನ ಬಿಟ್ಟು ನೋಡಿ: ಹಾಳೆಯ ಅಡಿಯಲ್ಲಿ ಹನಿಗಳಿದ್ದರೆ ತೇವ ನೆಲದಿಂದ ಏರುತ್ತಿದೆ, ಮೇಲೆ ಮಾತ್ರ ಇದ್ದರೆ ಗಾಳಿಯಿಂದಲೇ ಇಳಿಯುತ್ತಿದೆ.