ಕಾಡಿನ ಅಳತೆ, ಇಂಗಾಲ ಸಂಗ್ರಹದ ಬಗ್ಗೆ ಸಂಶೋಧನೆ ಮಾಡಲು ಎಲ್ಲಿ ಸೇರಬೇಕು?

ಶಿರಸಿಯಲ್ಲಿ ಬಿಎಸ್ಸಿ ಫಾರೆಸ್ಟ್ರಿ ಮುಗಿಸಿದ್ದೀರಿ, ಕಾಡಿನ ಇಂಗಾಲದ ಮೇಲೆ ಪಿಎಚ್‌ಡಿವರೆಗೂ ಹೋಗುವ ಆಸೆ, ಅದಕ್ಕೆ ಮೊದಲು ರಿಮೋಟ್ ಸೆನ್ಸಿಂಗ್ (ಉಪಗ್ರಹ, ವಿಮಾನಗಳಿಂದ ನೆಲವನ್ನು ಅಳೆಯುವ ವಿದ್ಯೆ) ಕೋರ್ಸ್ ಸೇರಲೇ ಎಂದು ಕೇಳಿದ್ದೀರಿ. ಇದೇ ಕೆಲಸದಲ್ಲಿರುವವನಾಗಿ ಹೇಳುತ್ತೇನೆ: ಮೊದಲು ನೆಲದ ಮೇಲೆ ಒಳ್ಳೆಯ ಪ್ಲಾಟ್, ಅಂದರೆ ಮರಗಳನ್ನು ಅಳೆಯಲು ಗುರುತು ಹಾಕಿದ ಕಾಡಿನ ತುಂಡು, ಹುಡುಕಿ, ಕೋರ್ಸ್ ಆಮೇಲೆ.

2025ರಲ್ಲೇ ಕಾಡನ್ನು ಮೇಲಿನಿಂದ ಅಳೆಯಬಲ್ಲ ಎರಡು ರೇಡಾರ್ ಉಪಗ್ರಹಗಳು ಹಾರಿದವು. ಏಪ್ರಿಲ್‌ನಲ್ಲಿ ಯುರೋಪಿನ 'ಬಯೋಮಾಸ್', ಜುಲೈನಲ್ಲಿ ಇಸ್ರೋ-ನಾಸಾದ 'ನಿಸಾರ್'. ಆದರೆ ಯಾವ ರೇಡಾರೂ ಮರವನ್ನು ತೂಗುವುದಿಲ್ಲ. ಅದರ ಸಂಕೇತವನ್ನು ಟನ್ನುಗಳಿಗೆ ಇಳಿಸಬೇಕಾದರೆ ಕೆಳಗೆ ಯಾರೋ ಟೇಪು ಹಿಡಿದು ಸುತ್ತಳತೆ ತೆಗೆದಿರಬೇಕು. ಕೊರತೆ ಇರುವುದು ಅಲ್ಲಿ.

ಹತ್ತಿರದಲ್ಲೇ ದೊಡ್ಡ ಉದಾಹರಣೆಗಳಿವೆ. ತಮಿಳುನಾಡಿನ ಮುದುಮಲೈನಲ್ಲಿ ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಪರಿಸರ ವಿಜ್ಞಾನ ಕೇಂದ್ರ 1988ರಲ್ಲಿ ಹಾಕಿದ 50 ಹೆಕ್ಟೇರಿನ ಪ್ಲಾಟ್ ಇದೆ. ಅಲ್ಲಿ 1 ಸೆಂ.ಮೀ. ದಪ್ಪದ ಗಿಡವೂ ಲೆಕ್ಕಕ್ಕೆ ಸೇರಿದೆ. ಕೊಡಗಿನ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರ ಪ್ಲಾಟ್ ಇದೆ. ಇಂಥ ಕಡೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಒಂದು ವರ್ಷ ದುಡಿದರೆ ಮುಂದಿನ ಬಾಗಿಲುಗಳು ತೆರೆಯುತ್ತವೆ. ಪೊನ್ನಂಪೇಟೆ ಅರಣ್ಯ ಕಾಲೇಜು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಎಫ್‌ಆರ್‌ಐ ಕೂಡ ನೋಡಿ.

ಆದರೆ ನಿಮ್ಮ ಊರಿನ ಸುತ್ತ ಇರುವ ಪ್ರಶ್ನೆಯನ್ನು ಬಿಟ್ಟು ಹೋಗಬೇಡಿ ಎಂಬುದು ನನ್ನ ಕಳಕಳಿ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟವನ್ನೇ ನೋಡಿ. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಅದು. ಮತ್ತಿ, ಕಿಂದಳ ಮರಗಳ ಕೊಂಬೆಗಳನ್ನು ಸೊಪ್ಪಿಗಾಗಿ ಮತ್ತೆ ಮತ್ತೆ ಸವರುತ್ತಾರೆ. ಕಾಂಡ ದಪ್ಪವಾಗುತ್ತಲೇ ಹೋಗುತ್ತದೆ, ಮೇಲೆ ಹರವೇ ಇರುವುದಿಲ್ಲ. ಮರದ ಅಳತೆಯಿಂದ ಅದರ ತೂಕವನ್ನು ಲೆಕ್ಕ ಹಾಕಲು ನಾವೆಲ್ಲ ಬಳಸುವ 2014ರ ಸಮೀಕರಣ ಹುಟ್ಟಿದ್ದು ಉಷ್ಣವಲಯದ 58 ತಾಣಗಳಲ್ಲಿ ಕಡಿದು ತೂಗಿದ 4,004 ಮರಗಳಿಂದ, ಅದೂ ಸಹಜವಾಗಿ ಬೆಳೆದ ಕಾಡುಗಳಿಂದ. ಕೊಂಬೆ ಸವರಿದ ಮತ್ತಿಗೆ ಅದನ್ನು ಹಾಕಿದರೆ ಇಲ್ಲದ ಇಂಗಾಲವನ್ನೂ ಇದೆಯೆಂದು ತೋರಿಸುವ ಸಾಧ್ಯತೆ ಹೆಚ್ಚು. ಎಷ್ಟು ಹೆಚ್ಚಾಗಿ ತೋರಿಸುತ್ತದೆ ಎಂಬುದೇ ಒಂದು ಪ್ರಬಂಧದ ವಿಷಯ. ಮರ ಕಡಿಯಬೇಕಾಗಿಯೂ ಇಲ್ಲ. ಸೊಪ್ಪು ಕಡಿಯುವ ಕಾಲಕ್ಕೆ ಹೋದರೆ ಕೊಂಬೆಗಳನ್ನು ಅಲ್ಲೇ ತೂಗಬಹುದು, ಕಾಂಡಕ್ಕೆ ಲೇಸರ್ ಸ್ಕ್ಯಾನರ್ ಸಾಕು.

ಇನ್ನು ಮಣ್ಣು. ಅರಣ್ಯ ಸರ್ವೇಕ್ಷಣ ಸಂಸ್ಥೆಯ 2021ರ ವರದಿಯಂತೆ ದೇಶದ ಕಾಡಿನ ಇಂಗಾಲ ಸುಮಾರು 720 ಕೋಟಿ ಟನ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲೇ. ಆದರೂ ಎಷ್ಟೋ ಪ್ರಬಂಧಗಳು ಮರ ಅಳೆದು ಅಲ್ಲಿಗೇ ನಿಲ್ಲುತ್ತವೆ. ಸಿದ್ದಾಪುರದ ಕಡೆಯ ರಾಮಪತ್ರೆ ಜಡ್ಡಿಗಳ (ರಾಮಪತ್ರೆ ಜಾತಿಯ ಮರಗಳ ಜೌಗು ಕಾಡು) ಕೆಸರು ಮಣ್ಣಿಗೆ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಬೇಕಾಗಿದ್ದಾರೆ.

ಹಣದ ಮಾತು: ನೆಟ್ (NET) ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಎಂಎಸ್ಸಿಗೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಪ್ರವೇಶ ಪರೀಕ್ಷೆ ಬರೆಯಿರಿ. ಅಮೆರಿಕದಲ್ಲಾದರೆ ಪ್ರೊಫೆಸರ್ ಬಳಿ ಅನುದಾನ ಇದ್ದಾಗ ಅಸಿಸ್ಟೆಂಟ್‌ಶಿಪ್‌ನಲ್ಲಿ (ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಾ ಓದುವ ವ್ಯವಸ್ಥೆ) ಶುಲ್ಕವೂ ಖರ್ಚೂ ನಡೆಯುತ್ತದೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಉಷ್ಣವಲಯದ ಅರಣ್ಯಶಾಸ್ತ್ರವನ್ನು ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಪ್ರೊಫೆಸರರಿಗೆ ಬರೆಯುವಾಗ ಉದ್ದನೆಯ ಪರಿಚಯ ಬೇಡ. ನಿಮ್ಮ ಪ್ರಶ್ನೆ ಎರಡು ಸಾಲಿನಲ್ಲಿರಲಿ, ಜೊತೆಗೆ ನೀವೇ ಅಳೆದ ಮರಗಳ ಒಂದು ಪಟ್ಟಿ ಇರಲಿ. ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ಪ್ಲಾಟ್ ಗೊತ್ತಾದ ದಿನವೇ ಅರ್ಜಿ ಹಾಕಿ.