ಹಿತ್ತಲಿಗೆ ಕಾಂಕ್ರೀಟ್, ನಾವೇ ಹಾಕಬಹುದಾ?

ಪ್ರಶ್ನೆ: ಸಾರ್, ಮನೆ ಹಿಂದೆ ನಾವು ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಜಾಗ ಮಳೆ ಬಂದರೆ ಬರೀ ಕೆಸರು. 12 ಅಡಿ ಉದ್ದ, 10 ಅಡಿ ಅಗಲ ಇದೆ. ಇಷ್ಟು ಚಿಕ್ಕ ಕೆಲಸಕ್ಕೆ ಮೇಸ್ತ್ರಿಗಳು ಬರುತ್ತಿಲ್ಲ. ಬರುತ್ತೇನೆ ಅಂದವರು ಕೇಳುವ ಕೂಲಿ ಜಾಸ್ತಿ. ನಾನು, ನನ್ನ ಭಾಮೈದ ಸೇರಿ ಒಂದು ಭಾನುವಾರ ಬೆಡ್ ಕಾಂಕ್ರೀಟ್ ಹಾಕಿ ಮುಗಿಸಬಹುದಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಹಾಕಬಹುದು, ಆದರೆ ಒಂದೇ ಭಾನುವಾರದಲ್ಲಿ ಬೇಡ. ಲೆಕ್ಕ ನೋಡಿ. 4 ಇಂಚು ದಪ್ಪಕ್ಕೆ 40 ಘನ ಅಡಿ ಕಾಂಕ್ರೀಟ್ ಬೇಕು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಎಂ ಸ್ಯಾಂಡ್, ಮೂರು ಪಾಲು ಮುಕ್ಕಾಲು ಇಂಚಿನ ಜಲ್ಲಿ ಅಂದರೆ ಸುಮಾರು 9 ಮೂಟೆ ಸಿಮೆಂಟ್. ಒಟ್ಟು ಎರಡೂವರೆ ಟನ್ನಿಗೂ ಜಾಸ್ತಿ ಮಾಲು, ಅದೂ ಬಾಂಡ್ಲಿಯಲ್ಲಿ! ನೀರು ಬಿದ್ದ ಸಿಮೆಂಟು ನಿಮ್ಮ ಭಾಮೈದ ಕಾಫಿ ಕುಡಿದು ಬರಲಿ ಅಂತ ಕಾಯುವುದಿಲ್ಲ.

ನಡುವೆ ಹಲಗೆ ಕೊಟ್ಟು 6 ಅಡಿಯ ಎರಡು ಭಾಗ ಮಾಡಿ, ಎರಡು ಭಾನುವಾರ ಹಾಕಿ. ಸಂದು ಕಾಣುತ್ತದಲ್ಲ ಅಂತ ಬೇಸರ ಬೇಡ. ಕಾಂಕ್ರೀಟ್ ಒಣಗಿ ಕುಗ್ಗುವಾಗ ಆ ಸಂದೇ ಬಿಟ್ಟುಕೊಳ್ಳುತ್ತದೆ, ಕಂಡಲ್ಲೆಲ್ಲ ಬಿರುಕು ಬಿಡುವುದು ಕಡಿಮೆಯಾಗುತ್ತದೆ.

ಅದಕ್ಕೂ ಮುಂಚೆ ವಾಟ. ಬಚ್ಚಲ ನೀರು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡದೆ ಒಂದು ಮೂಟೆಯನ್ನೂ ತರಬೇಡಿ. ಗೋಡೆ ಕಡೆಯಿಂದ ಚರಂಡಿ ಕಡೆಗೆ 10 ಅಡಿಗೆ ಎರಡು ಇಂಚಾದರೂ ಇಳಿಜಾರು ಬೇಕು. ಟ್ಯೂಬ್ ಲೆವೆಲ್‌ನಲ್ಲಿ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು) ನೋಡಿ ಗೂಟ ಹೊಡೆದು ದಾರ ಕಟ್ಟಿ. ಮೇಲಿನ ಸಡಿಲ ಮಣ್ಣು ತೆಗೆದು, ಗ್ರಾವೆಲ್ ಹಾಕಿ, ನೀರು ಚಿಮುಕಿಸಿ ಗಟ್ಟಿಯಾಗಿ ದಮ್ಮಸ್ ಮಾಡಿ. ಇದಕ್ಕೆಲ್ಲ ಮೇಸ್ತ್ರಿ ಬೇಕಿಲ್ಲ, ಸಂಜೆ ಸಂಜೆ ನೀವೇ ಮಾಡಿಕೊಳ್ಳಬಹುದು. ಬಟ್ಟೆ ಒಗೆಯುವ ಜಾಗಕ್ಕೆ ಕಂಬಿಯೂ ಬೇಡ. ಕಾರು ನಿಲ್ಲಿಸುತ್ತೀರಾದರೆ ಮಾತು ಬೇರೆ.

ಹೊಸಬರು ಕೆಡಿಸುವುದು ನೀರಿನಲ್ಲಿ. ಸಲಿಕೆ ಸಲೀಸಾಗಿ ಆಡಲಿ ಅಂತ ಸುಮ್ನೆ ಒಂದೊಂದು ಚೊಂಬು ಸುರಿಯುತ್ತಾ ಹೋಗುತ್ತಾರೆ. 50 ಕಿಲೋ ಮೂಟೆಗೆ 25 ಲೀಟರ್ ದಾಟಬೇಡಿ. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಹರಡಿದ ಮೇಲೆ ನೀರು ಮೇಲೆದ್ದು ಹೊಳೆಯುತ್ತದೆ. ಆಗಲೇ ಕರಣೆ ಆಡಿಸಿದರೆ, ಇಲ್ಲವೇ ನೀರು ಹೀರಲಿ ಅಂತ ಒಣ ಸಿಮೆಂಟ್ ಉದುರಿಸಿದರೆ, ಮುಂದೆ ಮೇಲ್ಪದರ ಹಪ್ಪಳದ ಹಾಗೆ ಏಳುತ್ತದೆ. ಹೊಳಪು ಹೋಗಲಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳು ಹೂತುಹೋಗಬಾರದು. ಕರಣೆಗೆ ಅದೇ ಹೊತ್ತು. ಈ ಹದ ಓದಿ ಬರುವುದಲ್ಲ. ಹಾಗಾಗಿ ಮಟ್ಟಗೋಲು ಎಳೆದು ನುಣುಪು ಮಾಡುವುದಕ್ಕೆ ಮಾತ್ರ ಗಾರೆ ಕೆಲಸದವರೊಬ್ಬರನ್ನು ಅರ್ಧ ದಿನದ ಕೂಲಿಗೆ ಕರೆಯಿರಿ. ಪೂರ್ತಿ ಕೆಲಸಕ್ಕೆ ಒಲ್ಲೆ ಅಂದವರೂ ಇಷ್ಟಕ್ಕಾದರೆ ಒಪ್ಪಬಹುದು, ಕೇಳಿ ನೋಡಿ.

ಬರಿಗಾಲಲ್ಲಿ ಇಳಿಯಬೇಡಿ, ಹಸಿ ಸಿಮೆಂಟು ಚರ್ಮ ಸುಡುತ್ತದೆ. ಗಮ್‌ಬೂಟ್, ಕೈಗವಸು ಇರಲಿ. ಮಾರನೇ ದಿನದಿಂದ ಗೋಣಿಚೀಲ ಹೊದಿಸಿ 10 ದಿನ ಒದ್ದೆಯಾಗಿಡಿ. ಸಿಮೆಂಟ್ ಎರಡೂ ಸಲ ಹೊಸದಾಗಿಯೇ ತನ್ನಿ. ತಯಾರಾದ ವಾರ, ವರ್ಷ ಮೂಟೆಯ ಮೇಲೆಯೇ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಅಂಗಡಿಯವರು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.